ಕರೆಯಲು ಬಾರದವರು

"ಅದ್ರಲ್ಲಿ ಎಂತ ಬರ್ದಾರೆ ಒಡ್ಯಾ? ಸಮಾ ಓದಿ," ಎಂದಳು ಬಂಗಾರಿ. ಹೊಳನಗದ್ದೆಯಿಂದ ಬಿಸಿಲಲ್ಲಿ ನಡೆದು ಬಂದಿದ್ದಳು. ಮಡಿಲಿಂದ ತೆಗೆದು ಕೊಟ್ಟ ಕೋರ್ಟಿನ ನೋಟೀಸು ಬೆವರಿಗೆ ಮೆತ್ತಗಾಗಿತ್ತು.

ಅನಂತಮೂರ್ತಿ ಮಾಸ್ತರರು ಕುಮಟೆಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಕಾಗದ ಓದಿಸಲು ಬಂದವರು ಒಂದೊಂದು ಶಬ್ದದ ಜಾತಕವನ್ನೂ ಅವರಿಂದ ಕೇಳಿಸಿಕೊಳ್ಳಬೇಕಿತ್ತು. ಮನೆಯಲ್ಲಿ ಕೇಳುವವರಿರಲಿಲ್ಲ. ಹೆಂಡತಿ ಪರಮೇಶ್ವರಿ ಎರಡು ವರ್ಷದ ಹಿಂದೆ ಜಗಳವಾಡಿ ಕತಗಾಲದ ತವರಿಗೆ ಹೋದವಳು ಮರಳಿರಲಿಲ್ಲ. ಯಾರಾದರೂ ವಿಚಾರಿಸಿದರೆ, "ಬಿಟ್ಟು ಹೋದಳು ಮಾರಾಯಾ, ಎಂತ ಮಾಡುವುದು," ಎಂದು ಮಾತು ಮುಗಿಸುತ್ತಿದ್ದರು.

ನೋಟೀಸಿನಲ್ಲಿದ್ದದ್ದು ಇಷ್ಟು. ಬಂಗಾರಿಯ ಗಂಡ ತಿಮ್ಮ ಭಟ್ಕಳದಲ್ಲಿ ಸರ್ಕಾರಿ ಜವಾನನಾಗಿದ್ದ. ಹೊಸ ಕಾಯ್ದೆ ಬಂದ ಮೇಲೆ ಮೊದಲಿನವಳನ್ನು ಬಿಡದೆ ಇನ್ನೊಂದು ಮದುವೆಯಾಗುವಂತಿಲ್ಲವಲ್ಲ, ಅದಕ್ಕೇ ಬೇರೆಯಾಗಲು ದಾವೆ ಹಾಕಿದ್ದ. ಹೆಂಡತಿ ಮೂರು ವರ್ಷದ ಹಿಂದೆ ಕಾರಣವಿಲ್ಲದೆ ಮನೆ ಬಿಟ್ಟು ಹೋದಳಂತೆ. ಸೋಮವಾರದೊಳಗೆ ಉತ್ತರ ಕೊಡದಿದ್ದರೆ ಅವನ ಮಾತೇ ಖಾಯಂ.

"ಡೆಸರ್ಶನ್ ಅಂತ ಬರೆದಿದ್ದಾರೆ," ಎನ್ನುತ್ತ ಮಾಸ್ತರರು ದಪ್ಪ ಡಿಕ್ಷನರಿ ತೆರೆದರು. ಹುರುಪು ಬಂದಿತ್ತು. "ಮೂಲ ಲ್ಯಾಟಿನ್ನು. ಪೋಣಿಸುವುದು ಅಂತಿತ್ತು ಮೊದಲು. ಪೋಣಿಸಿದ್ದನ್ನು ಬಿಡಿಸಿ ಹೋಗುವುದು ಅಂತಾಯಿತು. ದಂಡು ಬಿಟ್ಟು ಓಡಿದ ಸಿಪಾಯಿಗೂ ಇದೇ ಶಬ್ದ. ಮರಳುಗಾಡಿಗೂ ಇದೇ ಬೇರು. ನೋಡು, ಎಲ್ಲಿಂದೆಲ್ಲಿಗೆ!"

ಬಂಗಾರಿಯ ಕೈ ಕೊರಳ ತುಂಬ ಇದ್ದ ಮಣಿಸರಗಳ ಮೇಲೆ ಹೋಯಿತು. "ಬಿಡ್ಸದ್ದು ಯಾರು ಅಂತ ಆ ಪುಸ್ತಕದಲ್ಲಿ ಬರ್ದಾರಾ?"

"ಅದನ್ನು ಹೇಗೆ ಬರೀತಾರೆ? ಮನೆಯಿಂದ ಹೊರಗೆ ಹೋದವರು ಯಾರೋ ಅವರು."

"ಅಯ್ಯೋ ದೇವ್ರೆ! ನಾ ಹೋದದ್ದು ಬಾಳಂತನಕ್ಕೆ. ತವರಿಗೆ ಹೋದ ಹೆಣ್ಣು ತಾನೇ ಗಂಟು ಹೊತ್ಕಂಡು ವಾಪಸ್ ಬತ್ತದಾ? ಗಂಡನ ಮನೆಯವ್ರು ಕರೂಕೆ ಬರ್ಬೇಕು. ಮೂರು ದೀಪಾವಳಿ ಮಗಿಗೆ ಕಾಡಿಗೆ ಹಚ್ಚಿ ದಣಪೆ ಬಾಗ್ಲ ಹತ್ರ ಕೂತೆ. ಅಂವ ಬರ್ಲಿಲ್ಲ. ಬರದಿದ್ದಂವ ಬಿಟ್ಟಂವ ಅಲ್ದಾ?"

ಅವಳು ಅಂಗೈಯಿಂದ ಕಣ್ಣು ಒರೆಸಿಕೊಂಡಳು. ಅದಕ್ಕೆ ಅವಳಿಗೇ ಸಿಟ್ಟು ಬಂತು. "ಬ್ಯಾರೆ ಆಗೂದಾದ್ರೆ ಆಗ್ಲಿ, ನಾ ಅವ್ನ ಕಾಲು ಹಿಡೂದಿಲ್ಲ. ಆದ್ರೆ ನಾ ಬಿಟ್ಟು ಹೋದೆ ಅಂತ ಕೋರ್ಟಲ್ಲಿ ಬರ್ಕಂಡ್ರೆ, ನಾಳೆ ನನ್ನ ಮಗಿ ಜನ್ರ ಬಾಯಲ್ಲಿ ಎಂತೆಂತ ಕೇಳ್ಬೇಕು?"

ಮಾಸ್ತರರು ಡಿಕ್ಷನರಿ ಮುಚ್ಚಿ ಉತ್ತರ ಬರೆಯಲು ಕೂತರು. ಬಂಗಾರಿ ಜಗಲಿಯಿಂದಲೇ ಒಳಗಿನ ತೊಳೆಯದ ಪಾತ್ರೆಗಳ ರಾಶಿ ನೋಡಿದಳು.

"ಅಮ್ಮ ಮನೇಲಿಲ್ವಾ?"

"ತವರಲ್ಲಿದ್ದಾಳೆ. ಕತಗಾಲ. ಎರಡು ವರ್ಷವಾಯ್ತು."

"ಕರೂಕೆ ಹೋಗಿದ್ರಾ?"

ಅವಳು ಸುಮ್ಮನೆ ಕೇಳಿದ್ದಳು, ಕುಹಕವೇನಿರಲಿಲ್ಲ. ಮಾಸ್ತರರ ಮುಖ ಮಾತ್ರ ಕೆಂಪಾಯಿತು. "ಇಲ್ಲಿ ಹೆಬ್ಬೆಟ್ಟು ಒತ್ತು," ಎಂದರು.

"ಅಂವನೇ ಬಿಟ್ಟದ್ದು ಅಂತ ಬರದ್ರಿ ಅಲ್ದಾ? ಓದಿ ಹೇಳಿ."

ಮಾಸ್ತರರು ಇಂಗ್ಲಿಷ್ ಸಾಲನ್ನು ಕನ್ನಡದಲ್ಲಿ ಹೇಳಿದರು. "ಹೆಂಡತಿ ಪದ್ಧತಿಯಂತೆ ತವರಿಗೆ ಹೋದಳು. ಕರೆಯಲು ಬಾರದ ಗಂಡನೇ ಬಿಟ್ಟವನು."

"ಸಣ್ಣಕೆ ಓದಿದ್ರೆ ಕೇಳೂದಿಲ್ಲ. ಇನ್ನೊಂದ್ಸಲ."

ಅವರು ಇನ್ನೊಂದು ಸಲ, ಗಟ್ಟಿಯಾಗಿ ಓದಿದರು. ಆಮೇಲೆ ಅವಳು ಹೆಬ್ಬೆಟ್ಟು ಒತ್ತಿದಳು.

ಸೋಮವಾರ ಮಾಸ್ತರರು ರಜೆ ಹಾಕಿ ಅವಳ ಜೊತೆ ಕೋರ್ಟಿಗೆ ಹೋದರು. ಗುಮಾಸ್ತ ಉತ್ತರ ತೆಗೆದುಕೊಂಡು, ನಕಲಿನ ಮೇಲೆ ಸಿಕ್ಕಾ ಹೊಡೆದು ಕೊಟ್ಟ. ಬಂಗಾರಿ ಅದನ್ನು ಮಡಿಲಿಗೆ ಸೇರಿಸಿ, "ಆತು ಒಡ್ಯಾ, ಬತ್ತೆ," ಎಂದು ಹೊಳನಗದ್ದೆಯ ದಾರಿ ಹಿಡಿದಳು. ಮಾಸ್ತರರು ಮನೆಗೆ ಹೋಗಲಿಲ್ಲ. ಶಿರಸಿ ಬಸ್ಸು ಹತ್ತಿದರು.

"ಎಲ್ಲಿಗೆ ಮಾಸ್ತರ್ರೆ?" ಕಂಡಕ್ಟರ್ ಕೇಳಿದ.

"ಕತಗಾಲ."

"ಒಂದೇಯಾ?"

"ಹೋಗುವಾಗ ಒಂದೇ," ಎಂದರು. ಸ್ವಲ್ಪ ತಡೆದು, "ಸಂಜೆ ಬರುವ ಬಸ್ಸಿನಲ್ಲಿ ಜಾಗ ಇರ್ತದಾ?"

"ನೋಡ್ವ, ಕೂತ್ಕಳಿ."

ಬಸ್ಸು ಅರ್ಧ ಖಾಲಿ ಇತ್ತು. ಮಾಸ್ತರರು ಕಿಟಕಿ ಪಕ್ಕದ ಜಾಗ ಬಿಟ್ಟು ಈಚೆ ಕೂತರು.