ನೋಡೋಣ ಮೇಡಂ

ನನ್ನ ತಂಗಿಯ ಮಗಳು ವಿಜ್ಞಾನದ ಟೀಚರು. ಆ ಸೋಮವಾರ ಅವಳಿಗೆ ಶಾಲೆಯಿಂದ ನೋಟಿಸು ಬಂತು. ಪ್ರಯೋಗಾಲಯದಲ್ಲಿ ಒಬ್ಬ ಹುಡುಗಿಯ ಬೆರಳು ಸುಟ್ಟದ್ದು ಟೀಚರ ಅಲಕ್ಷ್ಯದಿಂದ ಎಂದಿತ್ತು. ಶುಕ್ರವಾರ ಬಂದು ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಗ್ಯಾಸಿನ ಕೊಳವೆ ಬಿರುಕು ಬಿಟ್ಟಿದೆ, ಬದಲಿಸಿ ಎಂದು ಅವಳು ಮೂರು ಸಲ ಬರೆದುಕೊಟ್ಟಿದ್ದಳು. ಮೂರು ಸಲವೂ ಪ್ರಿನ್ಸಿಪಾಲ್ ಮೇಡಂ, "ಆಯ್ತಮ್ಮ, ನೋಡೋಣ" ಎಂದಿದ್ದರು.

ನಾನು ಅದೇ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿ ನಿವೃತ್ತಳಾದವಳು. ಈಗ ವಾರವೆಲ್ಲ ಬೆಳಗ್ಗೆ ಹೋಗಿ ಸಂಜೆಯವರೆಗೆ ಲೈಬ್ರರಿಯ ಹರಿದ ಪುಸ್ತಕಗಳಿಗೆ ಅಂಟು ಹಚ್ಚುತ್ತೇನೆ. ನನಗೆ ಸಿಟ್ಟು ಸುಲಭಕ್ಕೆ ಬರುವುದಿಲ್ಲ. ಆ ನೋಟಿಸು ಓದಿದ ದಿನ ಮಾತ್ರ ಅಂಟಿನ ಕುಂಚ ಕೈಯಲ್ಲೇ ಒಣಗಿತು.

ಟೀಚರುಗಳಿಗೆಂದು ಶಾಲೆ ಆ ವರ್ಷ ಒಂದು ಎಐ ತರಿಸಿತ್ತು. ಮೇಲಧಿಕಾರಿ, ಸಹೋದ್ಯೋಗಿ, ರೇಗುವ ತಂದೆತಾಯಿ, ಯಾರಾಗು ಎಂದರೂ ಅದು ಅವರಾಗಿ ಮಾತಾಡುತ್ತಿತ್ತು. ಆಡಲು ಕಷ್ಟವಾದ ಮಾತನ್ನು ಅದರೆದುರು ಆಡಿ ಅಭ್ಯಾಸ ಮಾಡಿಕೊಳ್ಳಬೇಕು. ಕೊನೆಗೆ ಅಂಕ ಕೊಡುತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಅವಳು ನನ್ನನ್ನೂ ಕಂಪ್ಯೂಟರ್ ಕೋಣೆಗೆ ಎಳೆದೊಯ್ದಳು. ಕೊಳವೆಯ ಕಥೆ ಹೇಳಿದಳು. ಪರದೆಯೊಳಗಿನ ಪ್ರಿನ್ಸಿಪಾಲ್, "ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆ ಪತ್ರಗಳನ್ನು ಜೊತೆಗೆ ಕೂತು ಓದೋಣವೇ?" ಎಂದಿತು. ಕೊನೆಗೆ ನೂರಕ್ಕೆ ನಲವತ್ತೆರಡು. ದನಿ ಏರಿತ್ತಂತೆ. ತನ್ನ ಪಾಲಿನ ತಪ್ಪನ್ನು ಮೊದಲು ಒಪ್ಪಿಕೊಳ್ಳಬೇಕಿತ್ತಂತೆ.

"ನನ್ನ ಪಾಲು ಯಾವುದು, ತೋರ್ಸು," ಎಂದು ಪರದೆಯನ್ನೇ ಕೇಳಿದಳು. "ಇಷ್ಟು ಒಳ್ಳೆ ಪ್ರಿನ್ಸಿಪಾಲ್ ಇದ್ದಿದ್ರೆ ನಾನ್ಯಾಕೆ ಇಲ್ಲಿ ತಲೆ ಚಚ್ಕೋತಿದ್ದೆ, ದೊಡ್ಡಮ್ಮ?"

"ಅದಕ್ಕೆ ನಮ್ಮ ಮೇಡಂ ಗೊತ್ತಿಲ್ಲ ಕಣೆ. ಪಾಠ ಮಾಡದೆ ಪರೀಕ್ಷೆ ಇಟ್ರೆ ಯಾವ ಮಗು ಬರೆಯುತ್ತೆ? ಹೇಳಿಕೊಡು."

ನಾನು ಹೇಳುತ್ತ ಹೋದೆ, ಅವಳು ಟೈಪು ಮಾಡಿದಳು. ಮೇಡಂ ಎದುರಿನವರ ಮೂರನೆಯ ವಾಕ್ಯಕ್ಕೆ ಫೋನು ಎತ್ತಿಕೊಳ್ಳುತ್ತಾರೆ. ತಲೆ ಎತ್ತದೆ "ಆಯ್ತಮ್ಮ, ನೋಡೋಣ" ಎನ್ನುತ್ತಾರೆ. ಪಟ್ಟು ಹಿಡಿದರೆ, "ನಿಮ್ಮೊಬ್ಬರಿಗೇ ಯಾಕೆ ತೊಂದರೆ?" ಎನ್ನುತ್ತಾರೆ.

ಈ ಪಾತ್ರವನ್ನು ಉಳಿಸಬೇಕೆ, ಸಹೋದ್ಯೋಗಿಗಳೊಡನೆ ಹಂಚಿಕೊಳ್ಳಬೇಕೆ ಎಂದು ಪರದೆ ಕೇಳಿತು. "ಹೂಂ ಅನ್ನು," ಎಂದೆ. ಪ್ರಶ್ನೆಪತ್ರಿಕೆಯಾಗಲಿ ನಕ್ಷೆಯಾಗಲಿ, ಒಬ್ಬರು ಬರೆದದ್ದನ್ನು ಎಲ್ಲರ ಬೀರುವಿಗೆ ಹಾಕುವುದು ನಮ್ಮ ರೂಢಿ. ಪಾತ್ರಕ್ಕೆ ಹೆಸರು ಕೇಳಿದಾಗ ಅವಳು "ನೋಡೋಣ ಮೇಡಂ" ಎಂದು ಒತ್ತಿದಳು.

ಆಮೇಲೆ ಅದು ಮೇಡಂ ಆಗಿಯೇ ಮಾತಾಡಿತು. ಹಳೆಯ ಅಭ್ಯಾಸಕ್ಕೆ ನಾನೇ ಎದ್ದು ನಿಲ್ಲಬೇಕೆನಿಸಿತು. ಮೊದಲ ದಿನ ಅವಳು ಅತ್ತಳು, ಮರುದಿನ ಕಿರುಚಿದಳು. ಗುರುವಾರದ ಹೊತ್ತಿಗೆ ಅವಳಲ್ಲಿ ಒಂದೇ ಮಾತು ಉಳಿದಿತ್ತು: "ಯಾವತ್ತು ಅಂತ ದಿನಾಂಕ ಹೇಳಿ, ಮೇಡಂ." ಹೇಳಿ ಸುಮ್ಮನೆ ಕೂರಬೇಕು. ಅಂಕ ಮೂವತ್ತಕ್ಕೆ ಇಳಿಯಿತು. ಅವಳು ಅತ್ತ ನೋಡಲೂ ಇಲ್ಲ.

ಆ ಸಂಜೆ ಆಫೀಸಿನ ಗುಮಾಸ್ತರು ಲೈಬ್ರರಿಗೆ ಬಂದು ನನ್ನ ಅಂಟಿನ ಡಬ್ಬಿಯ ಕೆಳಗೆ ಒಂದು ಲಕೋಟೆ ಇಟ್ಟರು. ಮೂರೂ ಪತ್ರಗಳ ಪ್ರತಿ; ಮೂರರ ಮೇಲೂ ಆಫೀಸಿಗೆ ತಲುಪಿದ ಮೊಹರು, ತಾರೀಖು. "ಯಾರು ಕೊಟ್ಟಿದ್ದು ಅಂತ ಕೇಳಿದ್ರೆ ನನ್ನ ಹೆಸರೇ ಹೇಳಿ," ಎಂದು, ನನ್ನ ಮುಖ ನೋಡದೆ ಹೋದರು.

ಶುಕ್ರವಾರ ನಾನೂ ಅವಳ ಜೊತೆ ಹೋದೆ. ಮೇಡಂ ಮೇಜಿನ ಮೇಲೆ ಮುದ್ರಿಸಿದ ಒಂದು ಹಾಳೆಯಿತ್ತು. ಅದು ನಾವು ಪರದೆಗೆ ಹೇಳಿಕೊಟ್ಟದ್ದೇ.

"ಇಪ್ಪತ್ತಾರು ಜನ ಟೀಚರು ಈ ವಾರ ಕಂಪ್ಯೂಟರಿನಲ್ಲಿ ಇದರ ಜೊತೆ ಜಗಳ ಆಡಿದಾರೆ. ಒಬ್ರಂತೂ ಹನ್ನೊಂದು ಸಲ," ಎಂದರು. ಅವರ ಕತ್ತು ಕೆಂಪಾಗಿತ್ತು. "ಇದು ಯಾರ ಕೆಲಸ?"

"ಹೇಳಿ ಬರೆಸಿದ್ದು ನಾನು," ಎಂದೆ. "ತಪ್ಪಿದ್ರೆ ಕೆಂಪು ಶಾಯಿಯಲ್ಲಿ ತಿದ್ದಿ ಕೊಡಿ."

ಅವರು ಪೆನ್ನು ಮುಟ್ಟಲಿಲ್ಲ. ಅವಳು ಮೂರು ಪತ್ರಗಳನ್ನೂ ಮೊಹರು ಕಾಣುವಂತೆ ಸಾಲಾಗಿ ಇಟ್ಟಳು.

"ಕೊಳವೆ ಯಾವತ್ತು ಬದಲಾಗುತ್ತೆ, ನೋಟಿಸು ಯಾವತ್ತು ವಾಪಸ್ ತಗೋತೀರಿ? ದಿನಾಂಕ ಹೇಳಿ, ಮೇಡಂ."

ಮೇಡಂ ಕೈ ಫೋನಿನ ಕಡೆ ಹೋಯಿತು, ನಡುವೆಯೇ ನಿಂತಿತು. "ಆಯ್ತಮ್ಮ," ಎಂದರು. ಮುಂದಿನ ಪದ ಎದುರಿನ ಹಾಳೆಯಲ್ಲಿತ್ತು. ಬಾಯಿ ಮುಚ್ಚಿಕೊಂಡರು. ಮಾತು ತಡವರಿಸಿದ ಮಗುವಿಗೆ ಪದ ಎತ್ತಿಕೊಡುವ ಚಟ ನನ್ನದು. ಆ ದಿನ ನಾಲಿಗೆ ಕಚ್ಚಿಕೊಂಡು ಕೂತೆ. ಅವಳೂ ಕೂತಳು.

"ಸೋಮವಾರ," ಎಂದರು ಕೊನೆಗೆ.

"ಎರಡೂನಾ?"

"ಎರಡೂ."

"ಬರೆದುಕೊಡಿ."

ಬರೆದುಕೊಟ್ಟರು. ಹೊರಗೆ ಗುಮಾಸ್ತರು ಆ ಕಾಗದಕ್ಕೆ ಮೊಹರು ಒತ್ತಿದ ಸದ್ದು ಮೇಡಂ ಕೋಣೆಗೂ ಕೇಳಿರಬೇಕು.

ಮೆಟ್ಟಿಲಿಳಿಯುವಾಗ ನಾನು ಅವಳ ಬೆನ್ನು ಸವರಿದೆ.

"ಗೆದ್ದೆಯಲ್ಲೇ," ಎಂದೆ.

"ಐದು ದಿನದಿಂದ ಎಲ್ಲರೂ ನೋಟಿಸಿನ ಮಾತೇ ಆಡ್ತಿದೀರಿ," ಎಂದಳು. ಸಿಟ್ಟು ಈಗ ನನ್ನ ಮೇಲಿತ್ತು. "ಆ ಹುಡುಗಿ ಬೆರಳು ಹೇಗಿದೆ ಅಂತ ಒಬ್ಬರಾದ್ರೂ ಕೇಳಿದ್ರಾ?"

ನಾನೂ ಕೇಳಿರಲಿಲ್ಲ. ಅವಳು ಉತ್ತರಕ್ಕೆ ಕಾಯದೆ ಆ ಹುಡುಗಿಯ ತರಗತಿಯ ಕಡೆ ನಡೆದಳು. ನಾನು ಹಿಂದೆಯೇ ಹೋದೆ.