ಕರಾಟ್ ಗೊನೆ ಹಣ್ಣಾಗುವ ಹೊತ್ತಿಗೆ

ಮಗು ಬಾಯಿ ತೆರೆಯುವುದಿಲ್ಲ, ಕೊಟ್ಟದ್ದನ್ನು ಉಗಿಯುತ್ತದೆ, ಮೈ ಹಿಡಿಯುತ್ತಿಲ್ಲ. ಈ ಗೋಳು ಯಾವ ಮನೆಯಲ್ಲಿಲ್ಲ ಹೇಳಿ? ಪೆಸಿಫಿಕ್ ಸಾಗರದ ಪೊನ್‌ಪೇ ದ್ವೀಪದ ನಮ್ಮ ಕಿಟ್ಟಿ ಸೀಮೆಯಲ್ಲಂತೂ, ಎದೆಹಾಲಿನ ಜೊತೆಗೆ ಮೊದಲ ತುತ್ತು ಶುರುವಾಯಿತೆಂದರೆ ಮನೆಯಲ್ಲಿ ಎರಡು ಪಕ್ಷ ಹುಟ್ಟಿಕೊಳ್ಳುತ್ತವೆ. ಒಂದು ಅಂಗಡಿ ಪಕ್ಷ, ಇನ್ನೊಂದು ಅಜ್ಜಿ ಪಕ್ಷ. ನಮ್ಮಕ್ಕನ ಮನೆಯಲ್ಲೂ ಹಾಗೇ ಆಯಿತು.

ಅಕ್ಕನ ಹೆಸರು ಕಡರೀನಾ. ಅವಳ ಮಗಳು ಯೂಲಿಂಡಾ, ಮೊಮ್ಮಗಳು ಪೆಲಿಸಾ. ನಾನು ದಾಮಿಯಾನಾ, ಪಕ್ಕದ ಮನೆಯವಳು, ಯೂಲಿಂಡಾಳಿಗೆ ಚಿಕ್ಕಮ್ಮ. ಲಂಗಗಳಿಗೆ ಹೂವಿನ ಕಸೂತಿ ಹಾಕುತ್ತಾ ಜಗಲಿಯ ಮೇಲೆ ಕೂತಿರುತ್ತೇನೆ. ಅಲ್ಲಿಂದ ಅಕ್ಕನ ಅಡುಗೆಮನೆಯೂ ಕಾಣುತ್ತದೆ, ಅಲ್ಲಿನ ಜಗಳವೂ ಕೇಳುತ್ತದೆ.

ಅಕ್ಕನ ಗಂಡ ಕಸಿಯಾನೊ ಭಾವ. ಮಗಳು ಬಸುರಿ ಎಂದು ಗೊತ್ತಾದ ದಿನ ಅವರು ಮಳೆಯಲ್ಲೇ ಗುಡ್ಡ ಹತ್ತಿ ಹೋಗಿ ಕರಾಟ್ ಬಾಳೆಯ ಒಂದು ಕಂದು ಕಿತ್ತು ತಂದರು. ಅಡುಗೆಮನೆಯ ಹಿಂದೆ ನೆಟ್ಟು, ಹಂದಿ ನುಗ್ಗದಂತೆ ಸುತ್ತ ಬೇಲಿ ಕಟ್ಟಿದರು. ಆಗಲೇ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಎರಡು ಗೂಟ ಬಡಿಯುವುದು, ಕೂತು ಸುಧಾರಿಸಿಕೊಳ್ಳುವುದು, ಮತ್ತೆ ಏಳುವುದು. "ಯಾಕೆ ಭಾವ ಈ ಉಸಾಬರಿ, ಸಂತೆಯಲ್ಲಿ ಬಾಳೆ ಸಿಗಲ್ವಾ?" ಎಂದು ನಾನು ರೇಗಿಸಿದ್ದೆ. ಅವರು ನಕ್ಕರು, ಅಷ್ಟೆ. ಮೊಮ್ಮಗಳು ಹುಟ್ಟುವ ಮೊದಲೇ ಹೋಗಿಬಿಟ್ಟರು. ಒಳ್ಳೆಯ ಮನುಷ್ಯ. ಆ ಬೇಲಿ ಈಗಲೂ ಹಾಗೇ ನಿಂತಿದೆ.

ಬಾಳೆ ಮಾತ್ರ ಬೆಳೆಯಿತು, ಗೊನೆ ಹಾಕಿತು. ಕರಾಟ್ ಗೊನೆ ಬೇರೆ ಬಾಳೆಯ ಹಾಗೆ ತಲೆ ತಗ್ಗಿಸುವುದಿಲ್ಲ, ಆಕಾಶ ನೋಡುತ್ತಾ ನೆಟ್ಟಗೆ ನಿಲ್ಲುತ್ತದೆ. ಹಣ್ಣು ಗುಂಡಗೆ, ತಿರುಳು ಕೆಂಪು ಬೆರೆತ ಹಳದಿ. ನಮ್ಮ ಕಾಲದ ಮಕ್ಕಳ ಮೊದಲ ತುತ್ತು ಅದೇ. ಅಮ್ಮ ಹಣ್ಣನ್ನು ಅರ್ಧ ಸುಲಿದು, ತೆಂಗಿನ ಚಿಪ್ಪಿನ ಚಮಚದಲ್ಲಿ ಕೆರೆದು ಕೆರೆದು ತಮ್ಮನ ಬಾಯಿಗಿಡುತ್ತಿದ್ದಳು. ಹತ್ತಿರದಲ್ಲೇ ದೀವಿಹಲಸು ಕೆಂಡದಲ್ಲಿ ಸುಡುತ್ತಿರುತ್ತಿತ್ತು. ಸಿಪ್ಪೆಗೆ ಅಂಟಿದ ತಿರುಳಿಗಾಗಿ ಅಕ್ಕನಿಗೂ ನನಗೂ ಜುಟ್ಟು ಹಿಡಿದು ಜಗಳ. ಆಮೇಲೆ ಹಡಗಿನಲ್ಲಿ ಅಕ್ಕಿ ಬಂತು, ಡಬ್ಬಿಯ ಆಹಾರ ಬಂತು. ಕರಾಟ್ ಯಾರಿಗೂ ಬೇಡವಾಯಿತು.

ಯೂಲಿಂಡಾ ಕೊಲೋನಿಯಾ ಪೇಟೆಯಲ್ಲಿ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಗುವಿಗೆ ಅವಳು ತರುತ್ತಿದ್ದದ್ದು ಗಾಜಿನ ಪುಟ್ಟ ಶೀಶೆಯ ಆಹಾರ. ಶೀಶೆಯ ಮೇಲೆ ಕೆನ್ನೆ ಉಬ್ಬಿದ ಒಂದು ಪಾಪುವಿನ ಚಿತ್ರ. ಆ ಪಾಪು ಅದನ್ನು ತಿಂದು ದಪ್ಪಗಾಯಿತೋ, ದಪ್ಪಗಿತ್ತೆಂದೇ ಚಿತ್ರಕ್ಕೆ ಕರೆದರೋ, ದೇವರೇ ಬಲ್ಲ. ನಮ್ಮ ಪೆಲಿಸಾ ಮಾತ್ರ ದಿನೇ ದಿನೇ ಸೊರಗುತ್ತಿದ್ದಳು. ಚಮಚ ಕಂಡರೆ ಮುಖ ತಿರುಗಿಸುತ್ತಿದ್ದಳು. ಮೇಲಿಂದ ಮೇಲೆ ಭೇದಿ ಬೇರೆ.

ಅಕ್ಕ ಸುಮ್ಮನಿರುವವಳಲ್ಲ. "ಹಿತ್ತಲಲ್ಲಿ ಗೊನೆ ಹಣ್ಣಾಗ್ತಿದೆ ಕಣೇ, ಒಂದು ಕೊಟ್ಟು ನೋಡು" ಎಂದಳು.

"ಬೇಡಮ್ಮ. ನೊಣ, ಹಂದಿ, ಕೆಸರು. ಶೀಶೇಲಿ ಎಲ್ಲಾ ಚೊಕ್ಕಟವಾಗಿ ಅಳೆದು ಹಾಕಿರ್ತಾರೆ. ನೀನು ಏನು ಅಳೀತೀಯ?"

"ಹಣ್ಣಿಗೆ ಸಿಪ್ಪೆ ಅಂತ ಒಂದಿದೆ. ದೇವರು ಮುಚ್ಚಳ ಹಾಕೇ ಕಳಿಸಿದಾನೆ. ನಿನ್ನೇನು ಅಳೆದೇ ಸಾಕಿದ್ನಾ? ಬಾಗಿಲಲ್ಲಿ ಬಗ್ಗಿ ಬರೋ ಹಾಗೆ ಬೆಳೆದಿದೀಯ!"

"ನಿನ್ನ ಕಾಲ ಬೇರೆ, ನನ್ನ ಕಾಲ ಬೇರೆ. ನನ್ನ ಮಗು ಸುದ್ದಿಗೆ ಬರ್ಬೇಡ."

ಆ ಮಾತು ಅಕ್ಕನಿಗೆ ಚೆನ್ನಾಗಿ ನಾಟಿತು. ನನ್ನ ಜಗಲಿಗೆ ಬಂದು ಕೂತು ಕಣ್ಣೊರೆಸಿಕೊಂಡಳು. "ಅವರ ಕೈಯಾರೆ ನೆಟ್ಟಿದ್ದು ದಾಮಿ. ಒಂದೇ ಒಂದು ಹಣ್ಣು ಮಗು ಬಾಯಿಗೆ ಬಿದ್ದಿದ್ರೆ ಸಾಕಿತ್ತು. ಈಗ ನೋಡು, ಎಲ್ಲಾ ಹಂದಿ ಪಾಲು."

ಎರಡು ದಿನ ತಾಯಿ ಮಗಳ ನಡುವೆ ಮಾತಿಲ್ಲ. ಮೂರನೆಯ ದಿನ ಯೂಲಿಂಡಾ ಕೆಲಸಕ್ಕೆ ಹೋದ ಮೇಲೆ ಅಕ್ಕ ಹಿತ್ತಲಿಗೆ ಹೋಗಿ ಒಂದು ಹಣ್ಣು ಮುರಿದಳು. ಕೆರೆದು ಕೊಟ್ಟಳು. ಸುಟ್ಟ ಮೀನಿನ ಒಂದು ಚೂರನ್ನು ತಾನು ಅಗಿದು, ಅದನ್ನೂ ಸೇರಿಸಿ ಕೊಟ್ಟಳು. ಪೆಲಿಸಾ ಮೊದಲು ಮುಖ ಕಿವುಚಿದಳು. ಆಮೇಲೆ ಬಾಯಿ ಚಪ್ಪರಿಸಿದಳು. ಆಮೇಲೆ ಹಕ್ಕಿ ಮರಿಯ ಹಾಗೆ ಬಾಯಿ ತೆರೆದೇ ಕೂತಳು. ನಾನು ಕಂಡೂ ಕಾಣದವಳ ಹಾಗೆ ಸೂಜಿಗೆ ದಾರ ಪೋಣಿಸಿದೆ. ಆ ಮನೆಯಲ್ಲಿ ಮಗು ಕೇಕೆ ಹಾಕಿ ನಕ್ಕದ್ದು ಎಷ್ಟು ದಿನದ ಮೇಲೋ!

ಮಧ್ಯಾಹ್ನ ಯೂಲಿಂಡಾ ಬೇಗ ಬಂದಳು. ಮಗುವಿನ ಒದ್ದೆ ಬಟ್ಟೆ ಬಿಚ್ಚಿದವಳೇ ಚೀರಿಕೊಂಡಳು. "ಚಿಕ್ಕಮ್ಮಾ, ಬೇಗ ಬಾ! ಮಗೂಗೆ ಕಾಮಾಲೆ!"

ಓಡಿ ಹೋಗಿ ನೋಡಿದರೆ, ಬಿಳಿ ಬಟ್ಟೆಯ ತುಂಬ ಹಳದಿ. ಹಳದಿ ದಾಸವಾಳದ ಬಣ್ಣವೂ ಅಷ್ಟು ಗಾಢವಿಲ್ಲ. ನನಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ.

"ಕಾಮಾಲೆ ಅಲ್ಲ ಕಣೇ," ಎಂದಳು ಅಕ್ಕ. "ನಾನು ಕರಾಟ್ ಕೊಟ್ಟೆ. ಅದನ್ನ ತಿಂದ್ರೆ ಹಾಗೇ."

"ಬಾಳೆಹಣ್ಣು ತಿಂದ್ರೆ ಉಚ್ಚೆ ಹಳದಿ ಆಗುತ್ತಾ? ನನ್ನೇನು ದಡ್ಡಿ ಅಂದ್ಕೊಂಡ್ಯಾ?"

"ನಿಜ ಕಣೇ," ಎಂದೆ ನಾನು. "ನಾವು ಚಿಕ್ಕವರಿದ್ದಾಗ ಹುಡುಗರು ಸಾಲಾಗಿ ನಿಂತು, ಯಾರದು ಜಾಸ್ತಿ ಹಳದಿ ಅಂತ ಪಂದ್ಯ ಕಟ್ಟೋರು."

ಅವಳು ನಂಬಲಿಲ್ಲ. ಹೇಗೆ ನಂಬಿಯಾಳು? ಅವಳು ಅಕ್ಕಿಯ ಕಾಲದ ಕೂಸು. ಮಗುವನ್ನು ಎದೆಗವಚಿಕೊಂಡು, "ಅಪ್ಪನಂತೂ ಹೋದ್ರು. ಇವಳಿಗೂ ಏನಾದ್ರೂ ಆದ್ರೆ ನಾನು ಬದುಕಲ್ಲ" ಎಂದು ಅಳುತ್ತಾ ರಸ್ತೆಗಿಳಿದಳು. ದಾರಿಯಲ್ಲಿ ಸಿಕ್ಕ ಪಿಕಪ್ ಗಾಡಿಯನ್ನು ಕೈ ಮಾಡಿ ನಿಲ್ಲಿಸಿ ಮೂವರೂ ಹತ್ತಿದೆವು. ಮಳೆ ಹೊಯ್ಯುತ್ತಿತ್ತು. ಅಕ್ಕ ಹಿಂದೆ ಮೂಲೆಯಲ್ಲಿ ಮುದುಡಿ ಕೂತಿದ್ದಳು.

ಆರೋಗ್ಯ ಕೇಂದ್ರದಲ್ಲಿ ನರ್ಸ್ ಪೆರ್ನೀಡಾ ಇದ್ದಳು. ನಮ್ಮ ಕಡೆಯವಳೇ, ನಗುಮುಖದವಳು. ಮಗುವಿನ ಕಣ್ಣು ಅಗಲಿಸಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ತೂಕ ಮಾಡಿದಳು. ಕೊನೆಗೆ ಬಟ್ಟೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

"ಯಾರ ಮನೇದಮ್ಮ ಕರಾಟ್? ನನಗೂ ಒಂದು ಚಿಪ್ಪು ಕೊಡಿ."

ಯೂಲಿಂಡಾ ಕಣ್ಣು ಕಣ್ಣು ಬಿಟ್ಟಳು. "ಹಾಗಾದ್ರೆ ಕಾಮಾಲೆ ಅಲ್ವಾ ನರ್ಸಮ್ಮ?"

"ಕಾಮಾಲೆ ಆದ್ರೆ ಕಣ್ಣಿನ ಬಿಳಿ ಹಳದಿ ಆಗುತ್ತೆ. ಇವಳದು ನೋಡು, ಹಾಲಿನ ಹಾಗಿದೆ. ಆದ್ರೂ ಓಡಿ ಬಂದಿದ್ದು ಒಳ್ಳೇದೇ. ಅನುಮಾನ ಬಂದ್ರೆ ಬಂದೇ ಬಿಡ್ಬೇಕು. ಈ ಹಣ್ಣಲ್ಲಿ ಕಣ್ಣಿಗೆ, ಮೈಗೆ ಬೇಕಾದ ಸತ್ವ ತುಂಬಿದೆ. ಹೆಚ್ಚಾದದ್ದು ಹೀಗೆ ಹೊರಗೆ ಹೋಗುತ್ತೆ. ಆದ್ರೆ ತೂಕ ಕಮ್ಮಿ ಇದೆಯಲ್ಲ, ಯಾಕೆ? ಏನು ಕೊಡ್ತಿದೀಯ?"

ಯೂಲಿಂಡಾ ಶೀಶೆಯ ವಿಷಯ ಹೇಳಿದಳು. ಬೆಳಿಗ್ಗೆ ಮುಚ್ಚಳ ತೆಗೆದದ್ದನ್ನು ಸಂಜೆಯವರೆಗೂ ಕೊಡುತ್ತಿದ್ದಳಂತೆ. ಅದೇ ಚಮಚವನ್ನು ಶೀಶೆಯೊಳಗೆ ಅದ್ದಿ ಅದ್ದಿ. ಬೇಗ ಖಾಲಿಯಾಗದಿರಲಿ ಎಂದು ನೀರೂ ಬೆರೆಸುತ್ತಿದ್ದಳಂತೆ.

"ಅಯ್ಯೋ ತಂಗೀ! ನಮ್ಮೂರ ಸೆಕೆಗೆ ತೆರೆದಿಟ್ಟ ಮೀನು ಏನಾಗುತ್ತೆ? ಇದೂ ಹಾಗೇ. ಭೇದಿಗೆ ಅದೇ ಕಾರಣ ಇರ್ಬೇಕು. ನೀರು ಬೆರೆಸಿದ್ರೆ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಚಮಚ ಓರೆ ಮಾಡಿದ್ರೂ ಕೆಳಗೆ ಸುರೀಬಾರ್ದು, ಅಷ್ಟು ಗಟ್ಟಿ ಇರ್ಬೇಕು."

ಅಕ್ಕನ ಮುಖ ಅರಳಿತು. "ಕೇಳಿಸ್ಕೊಂಡ್ಯಾ? ಅಂಗಡೀದು ವಿಷ ಅಂತ ನಾನು ಬಡ್ಕೊಂಡೆ!"

"ವಿಷ ಅಂತ ಎಲ್ಲಿ ಹೇಳ್ದೆ ಅಜ್ಜಿ?" ಎಂದಳು ಪೆರ್ನೀಡಾ. "ದೋಣಿ ಪ್ರಯಾಣಕ್ಕೆ, ತಾಯಿಗೆ ಹುಷಾರಿಲ್ಲದ ದಿನಕ್ಕೆ ಶೀಶೆ ಇದ್ರೆ ತಪ್ಪೇನಿಲ್ಲ. ತಾರೀಕು ನೋಡ್ಬೇಕು, ಮುಚ್ಚಳ ಬಿಗಿ ಇದೆಯಾ ನೋಡ್ಬೇಕು, ಸಕ್ಕರೆ ಉಪ್ಪು ಹಾಕಿದ್ದು ಬೇಡ. ಬಟ್ಟಲಿಗೆ ಹಾಕ್ಕೊಂಡು ಕೊಡ್ಬೇಕು. ಆದ್ರೆ ದಿನಾ ನುಣ್ಣಗಿರೋದನ್ನೇ ಕೊಟ್ರೆ ಮಗು ಅಗಿಯೋದು ಯಾವಾಗ ಕಲಿಯುತ್ತೆ? ಅದಿರ್ಲಿ, ನೀವು ಹಣ್ಣಿನ ಜೊತೆ ಇನ್ನೇನು ಕೊಟ್ರಿ?"

"ಮೀನು. ಮುಳ್ಳಿರುತ್ತಲ್ಲ, ನಾನೇ ಅಗಿದು ಕೊಟ್ಟೆ."

"ಮೀನು ಒಳ್ಳೇದು. ಮೊಟ್ಟೆ, ಕೋಳಿಯ ಈಲಿ, ಸೊಪ್ಪು ಎಲ್ಲಾ ಬೇಕು, ಬರೀ ಹಣ್ಣು ಸಾಲದು. ಆದ್ರೆ ಅಗಿದು ಕೊಡೋದು ಬೇಡ ಅಜ್ಜಿ. ನಮ್ಮ ಬಾಯಿಯ ಕ್ರಿಮಿ ಮಗೂಗೆ ಹೋಗುತ್ತೆ."

ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಇವಳಿಗೂ ಅಗಿದೇ ಕೊಟ್ಟಿದ್ದು. ಸತ್ತಳಾ?"

"ಇಲ್ಲ. ತೂತು ಬಿದ್ದ ದೋಣೀಲಿ ಹೋಗಿ ಬದುಕಿ ಬಂದವರೂ ಇದಾರೆ. ಹಾಗಂತ ಮೊಮ್ಮಗಳನ್ನ ಅದರಲ್ಲೇ ಕೂರಿಸ್ತೀರಾ? ಕೈ ತೊಳ್ಕೊಂಡು ಬೆರಳಲ್ಲಿ ಮುಳ್ಳು ಹುಡುಕಿ, ಚಮಚದಲ್ಲಿ ಹಿಸುಕಿ. ಅಷ್ಟೇ."

ಅಕ್ಕ ತಲೆ ಬಗ್ಗಿಸಿ ತನ್ನ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಪೆರ್ನೀಡಾ ಯೂಲಿಂಡಾಳ ಕಡೆ ತಿರುಗಿದಳು. "ಶೀಶೆ ಯಾವಾಗಿಂದ ಶುರು ಮಾಡಿದ್ದು?"

"ನಾಲ್ಕು ತಿಂಗಳು ತುಂಬಿದಾಗ. ಶೀಶೆ ಮೇಲೆ ಹಾಗೇ ಇತ್ತು."

"ಅವಸರ ಮಾಡ್ದೆ. ಆರು ತಿಂಗಳವರೆಗೂ ಎದೆಹಾಲೇ ಸಾಕು. ಆರು ತುಂಬಿದ ಮೇಲೆ ತುತ್ತು, ಹಾಲು ಎರಡೂ. ಇವಳಿಗೆ ಎಷ್ಟಾಯ್ತು?"

"ಈ ವಾರ ಆರು ತುಂಬ್ತು."

ಅಕ್ಕ ತಟ್ಟನೆ ತಲೆಯೆತ್ತಿದಳು. "ನಿಮ್ಮಪ್ಪನ ಲೆಕ್ಕವೂ ಅದೇ ಕಣೇ."

"ಯಾವ ಲೆಕ್ಕ?"

"ಬಸಿರು ಗೊತ್ತಾದ ದಿನ ಕಂದು ನೆಟ್ರೆ, ಹೊಟ್ಟೇಲಿರೋದು ಹುಟ್ಟಿ, ಕೂರೋಕೆ ಶುರು ಮಾಡೋ ಹೊತ್ತಿಗೆ ಗೊನೆ ಹಣ್ಣಾಗುತ್ತೆ. ಗೊನೆ ಹಣ್ಣಾಗೋವರೆಗೂ ಮಗು ಬಾಯಿಗೆ ಏನೂ ಇಡಬೇಡಿ ಅಂತ ಹಿರಿಯರು ಹೇಳೋರು. ನಿನಗೂ ನೆಟ್ಟಿದ್ರು. ಹಂದಿ ತಿಂತು. ಅದಕ್ಕೇ ಈ ಸಲ ದಮ್ಮು ಕಟ್ಟಿದ್ರೂ ಬಿಡದೆ ಬೇಲಿ ಹಾಕಿದ್ರು. 'ನಾನು ಇರ್ತೀನೋ ಇಲ್ವೋ, ಮೊದಲನೇ ತುತ್ತು ನಂದೇ' ಅಂದಿದ್ರು."

ಯೂಲಿಂಡಾ ಮಗುವನ್ನು ತಾಯಿಯ ಮಡಿಲಲ್ಲಿಟ್ಟು, ತಾಯಿಯ ಭುಜಕ್ಕೆ ಮುಖ ಒತ್ತಿಕೊಂಡು ಅತ್ತಳು. "ನನಗೆ ಯಾಕಮ್ಮ ಹೇಳ್ಲಿಲ್ಲ?" ಎಂದಳು. "ಹೇಳೋಕೆ ಬಿಟ್ಯಾ?" ಎಂದಳು ಅಕ್ಕ. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮರುದಿನ ಬೆಳಿಗ್ಗೆ ಯೂಲಿಂಡಾ ತಾನೇ ಬೇಲಿಯೊಳಗೆ ಹೋಗಿ ಹಣ್ಣು ಮುರಿದು ತಂದಳು. ಸೋಪು ಹಚ್ಚಿ ಕೈ ತೊಳೆದಳು, ಬಿಸಿನೀರಲ್ಲಿ ಚಮಚ ತೊಳೆದಳು. ಅಕ್ಕನಿಗೂ ಕೈ ತೊಳೆಸಿದಳು. ಅಕ್ಕ ಗೊಣಗಿದಳು, ತೊಳೆದಳು. ಒಬ್ಬಳು ಕೆರೆದಳು, ಇನ್ನೊಬ್ಬಳು ಮೀನು ಹಿಸುಕಿದಳು. ಚಮಚ ಹಣ್ಣಿನ ಮೇಲೆ ಆಡುವ ಆ ಸಣ್ಣ ಸದ್ದು ನನ್ನ ಜಗಲಿಗೆ ಕೇಳಿತು. ಅಮ್ಮ ಹೋಗಿ ಎಷ್ಟು ಕಾಲವಾಯಿತು! ಅವಳೇ ಒಳಗೆ ಕೂತಿರುವಳೇನೋ ಅನಿಸಿತು.

ಗೊನೆ ಮುಗಿಯುವಷ್ಟರಲ್ಲಿ ಪೆಲಿಸಾಳ ಭೇದಿ ನಿಂತಿತ್ತು, ತೋಳಿನಲ್ಲಿ ಮಡಿಕೆ ಬಿದ್ದಿತ್ತು. ತಿಂಗಳ ತೂಕಕ್ಕೆ ಹೋದಾಗ ಪೆರ್ನೀಡಾ "ಎತ್ತೋಕಾಗಲ್ಲಮ್ಮ ಇವಳನ್ನ!" ಎಂದಳಂತೆ. ಯೂಲಿಂಡಾಳ ಚೀಲದಲ್ಲಿ ದೂರದ ಪಯಣಕ್ಕೆಂದು ಈಗಲೂ ಒಂದು ಶೀಶೆ ಇರುತ್ತದೆ. ಅಕ್ಕ ಅದಕ್ಕೆ ತಕರಾರು ಮಾಡುವುದಿಲ್ಲ.

ಅಕ್ಕಂದಿರೇ, ತಂಗಿಯರೇ, ಇದನ್ನು ಓದುವ ಅಜ್ಜಿಯರೇ, ನಿಮ್ಮ ಹಿತ್ತಲಲ್ಲಿ ಕರಾಟ್ ಇಲ್ಲದಿರಬಹುದು. ಬೇರೆ ಬಾಳೆ ಇದ್ದೀತು, ಕುಂಬಳ ಇದ್ದೀತು, ಗೆಣಸು ಇದ್ದೀತು. ಆರು ತಿಂಗಳು ತುಂಬಲಿ, ಆಮೇಲೆ ಹಣ್ಣಾದರೆ ಹಾಗೇ, ಉಳಿದದ್ದಾದರೆ ಬೇಯಿಸಿ, ಹಿಸುಕಿ, ಗಟ್ಟಿಯಾಗಿ ಕೊಡಿ. ಎದೆಹಾಲು ನಿಲ್ಲಿಸಬೇಡಿ. ಕೈ ತೊಳೆಯಿರಿ. ವರ್ಷ ತುಂಬುವವರೆಗೆ ಜೇನು ನೆಕ್ಕಿಸಬೇಡಿ. ಅಂಗಡಿಯದು ತಂದರೆ ತಾರೀಕು ನೋಡಿ ತನ್ನಿ, ತೆರೆದದ್ದನ್ನು ಇಟ್ಟು ಇಟ್ಟು ಕೊಡಬೇಡಿ. ಸಂಶಯ ಬಂದರೆ ಜಗಳ ಆಡುತ್ತಾ ಕೂರದೆ ನರ್ಸಮ್ಮನನ್ನು ಕೇಳಿ.

ಕಸಿಯಾನೊ ಭಾವನ ಬಾಳೆಯ ಬುಡದಲ್ಲಿ ಈಗ ಕಂದುಗಳೆದ್ದಿವೆ. ಮೊನ್ನೆ ಕೆಳಗಿನ ಮನೆಯ ಹುಡುಗಿ ಬಸುರಿ ಎಂದು ಸುದ್ದಿ ಬಂದಾಗ ಯೂಲಿಂಡಾ ಗುದ್ದಲಿ ಹಿಡಿದು ಹೊರಟಳು. ಒಂದು ಕಂದನ್ನು ಬೇರು ಸಹಿತ ಎಬ್ಬಿಸಿ ಆ ಮನೆಗೆ ಒಯ್ದು ಕೊಟ್ಟು ಹೇಳಿದಳು: "ಇವತ್ತೇ ನೆಡು. ಬೇಲಿ ಕಟ್ಟೋದು ಮರೀಬೇಡ."