ಬೆನ್ನಿಗೊಂದು ಗುದ್ದು

"ಆ ಕಾಮೆಂಟ್ ತಗದುಬಿಡು, ಅಬೆನಾ," ಎಂದ ಸ್ವರೂಪ.

ಅಬೆನಾ ಮಗುವಿಗೆ ಕುಂಚಿಗೆ ಕಟ್ಟುತ್ತಿದ್ದಳು. "ನಿನ್ನ ತಂಗಿ ತನ್ನ ವಿಡಿಯೊ ತಗೀತಾಳೇನು?"

"ವರ್ಷಾ ತಮಾಷಿಗೆ ಹಾಕ್ಯಾಳ. ಪ್ಲೇನ್‌ಫೀಲ್ಡ್ ಮನಿ ಬಿಟ್ಟು ಕಾರಿನ್ಯಾಗ ಆಗಲೇ ಕಲಮಝೂ ದಾಟ್ಯಾಳ. ನೀ ತಗೀಲಿಲ್ಲಂದ್ರ ಮುಂದಿನ ಎಕ್ಸಿಟ್‌ನ್ಯಾಗ ತಿರುಗ್ತೀನಿ ಅಂತಾಳ. ಆಮ್ಯಾಲ ಇವತ್ತ ಕೂಸಿಗೆ ಹೆಸರಿಡೋರ್ಯಾರು?"

"ತಿರುಗ್ಲಿ."

ತಮಾಷೆಯಂತೆ, ತಮಾಷೆ. ಚರಂಡಿ ನೀರು ನಿಂತ ಯಾವುದೋ ಓಣಿ, ಅದರಲ್ಲಿ ಬರಿಮೈಯ ಮಕ್ಕಳು, ಮೇಲೆ ವರ್ಷಾಳ ಬರಹ: 'ನಮ್ಮ ಸೋದರಳಿಯನ ಅಜ್ಜಿ ಊರು, ಬೇಸಿಗಿ ರಜಾಕ್ಕ ಹೊಂಟೇವಿ.' ಶಿಕಾಗೋದಿಂದ ಧಾರವಾಡದವರೆಗೆ ಬಂಧುಬಳಗವೆಲ್ಲ ಫೇಸ್‌ಬುಕ್ಕಿನಲ್ಲಿ ಹಲ್ಲು ಕಿಸಿದಿತ್ತು. ನಿನ್ನೆ ಸಂಜೆ ಅಬೆನಾ ಅದರ ಕೆಳಗೆ ಬರೆದಳು, ಅತ್ತೆ ಕಲಿಸಿದ ಕನ್ನಡದಲ್ಲಿ: 'ಇದು ಘಾನಾ ಅಲ್ಲ. ಘಾನಾದಾಗ ನಮ್ಮೂರು ಕುಮಾಸಿ. ನಮ್ಮವ್ವ ಅಲ್ಲಿ ಮೂವತ್ತು ವರ್ಷ ಸಾಲಿ ಕಲಿಸ್ಯಾಳ. ಈ ಮಕ್ಕಳು ಯಾರವೇ ಇರಲಿ, ನಗೋದೇನೈತಿ?' ಈ ಮನೆಯ ಒಬ್ಬರಾದರೂ ಅದಕ್ಕೆ ಹೌದು ಅನ್ನಲಿ, ಅಷ್ಟೇ ಅವಳಿಗೆ ಬೇಕಿತ್ತು. ಯಾರೂ ಅನ್ನಲಿಲ್ಲ.

ಅತ್ತೆ ಶಿವಲಿಂಗಮ್ಮನ ಮೇಲೆ ಇನ್ನೂ ಆಸೆಯಿತ್ತು. ಮಗು ಸೋಮವಾರ ಹುಟ್ಟಿದ್ದಕ್ಕೆ ಸೋಮು ಎಂದು ಹೆಸರು ಹುಡುಕಿದವರು ಅವರು. ಅಬೆನಾಳ ಕಡೆಯೂ ವಾರ ನೋಡಿಯೇ ಹೆಸರು, ಸೋಮವಾರದ ಗಂಡಿಗೆ ಕ್ವಾಜೊ. ಅದನ್ನು ಕೇಳಿ, "ಹಂಗಾರ ನಾವು ಬೀಗರಾಗೋದು ಮೊದಲಽ ಬರದಿತ್ತು ಬಿಡು" ಎಂದು ನಕ್ಕಿದ್ದರು. ತೊಟ್ಟಿಲ ಶಾಸ್ತ್ರ ಹೇಳಿಕೊಟ್ಟವರೂ ಅವರೇ. ಸೋದರತ್ತೆ ಬಗ್ಗಿ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. "ಸಿಟ್ಟಿಗಲ್ಲವಾ, ನಮ್ಮಾಕಿ ಅಂತ ಗುದ್ದೋದು."

ಮಧ್ಯಾಹ್ನ ಫಾರ್ಮಿಂಗ್ಟನ್ ಹಿಲ್ಸ್‌ನ ಅವರ ಮನೆಯ ಬೇಸ್‌ಮೆಂಟ್ ನೆಂಟರಿಂದ ತುಂಬಿತ್ತು. ವರ್ಷಾ ಬೆಳ್ಳಿ ಕಾಲ್ಗಡಗ ಹಿಡಿದು ಬಂದವಳೇ ಅಬೆನಾಳನ್ನು ಅಪ್ಪಿಕೊಂಡಳು. "ಥ್ಯಾಂಕ್ಸ್ ವೈನಿ, ತಗದ್ರಲ್ಲ."

ಅಬೆನಾ ಫೋನ್ ತೆರೆದಳು. ವಿಡಿಯೊ ಇತ್ತು. ಅವಳು ಬರೆದದ್ದು ಇರಲಿಲ್ಲ. ಅವಳು ಮಗುವಿಗೆ ನೀರು ಎರೆಯುವಾಗ ಫೋನ್ ಟೇಬಲ್ ಮೇಲಿತ್ತು, ಅದರ ಪಾಸ್‌ಕೋಡ್ ಗೊತ್ತಿದ್ದವನು ಒಬ್ಬನೇ. ಅವನೀಗ ಬಹಳ ಶ್ರದ್ಧೆಯಿಂದ ಪೇಪರ್ ಪ್ಲೇಟು ಜೋಡಿಸುತ್ತಿದ್ದ.

"ನೀನಽ ತಗದಿ?"

"ಮಂದಿ ಬಂದಾರ. ಆಮ್ಯಾಲ ಮಾತಾಡೂನು," ಎಂದ ಸ್ವರೂಪ, ಪ್ಲೇಟಿನಿಂದ ಕಣ್ಣೆತ್ತದೆ.

ಅಬೆನಾ ಫೋನ್ ಕೆಳಗಿಟ್ಟಳು. ಶಿವಲಿಂಗಮ್ಮನ ಕಡೆ ತಿರುಗಿದಳು. "ಅತ್ತಿ, ನೀವು ಹೇಳ್ರಿ. ವರ್ಷಾ ಹಾಕಿದ್ದು ಸರಿ ಏನ್ರಿ?"

ಶಿವಲಿಂಗಮ್ಮ ಮಗಳನ್ನು ನೋಡಿದರು, ಬಂದವರನ್ನು ನೋಡಿದರು.

"ಹೊತ್ತಾಗಾಕತ್ತೈತಿ. ಕೂಸು ಆಕಿ ಕೈಯಾಗ ಕೊಡವಾ."

ವರ್ಷಾ ಕೈ ಚಾಚಿದಳು. ಅಬೆನಾ ಕೊಡಲಿಲ್ಲ. ತಾನೇ ಮಗುವನ್ನು ತೊಟ್ಟಿಲಲ್ಲಿ ಮಲಗಿಸಿ, ತಾನೇ ಬಗ್ಗಿ, ಅದರ ಕಿವಿಯಲ್ಲಿ ಕುರ್ರ್ ಎಂದಳು.

"ಸೋಮು. ಕ್ವಾಜೊ."

ಮೂರು ಸಲ ಹೇಳಿದಳು. ಹೇಳಿ ಮುಗಿದ ಮೇಲೂ ಏಳಲಿಲ್ಲ. ಹಿಂದೆ ಸೀರೆಗಳು ಸರಿದಾಡಿದವು. ಶಿವಲಿಂಗಮ್ಮನ ಬಳೆ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು. ಅಬೆನಾ ಬೆನ್ನು ಬಗ್ಗಿಸಿಕೊಂಡೇ ಇದ್ದಳು.